ಹಳದಿ ಗೋಡೆ ಕೆಂಪಾದ ಬೇಸಿಗೆ

ಮುಂಬಯಿಗೆ ಹೋಗಿ ಬಂದವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೋಗಲಿ, ಬರಲಿ, ಬೇಡ ಎನ್ನುವವರು ಯಾರು? ಆದರೆ ಬರುವಾಗ ಅಲ್ಲಿಯ ಯಾವುದೋ ಪತ್ರಿಕೆಯಿಂದ ಒಂದು ಹಾಳೆ ಹರಿದುಕೊಂಡು ಬಂದು, "ಮಾಸ್ತರ, ನಮ್ಮನಿ ಒಳಗ ಹಿಂಗ ಆಗಬೇಕು ನೋಡ್ರಿ" ಎಂದು ಮುಖದ ಮುಂದೆ ಹಿಡಿಯುತ್ತಾರಲ್ಲ, ಪೀಡೆ ಶುರುವಾಗುವುದು ಅಲ್ಲಿಂದ.

ನನ್ನ ಮುಂದೆ ಹಾಗೆ ಹಾಳೆ ಹಿಡಿದವನು ಆದೋನಿಯ ಒಬ್ಬ ಅರಳೆ ಸಾವುಕಾರ. ಐವತ್ತರ ದಶಕದ ನಡುವಿನ ಮಾತು. ನಾನು ಆಗ ಅಲ್ಲಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಸಾವುಕಾರ ತನ್ನ ಜಿನ್ನಿಂಗ್ ಗಿರಣಿಯ ಪಕ್ಕದಲ್ಲೇ ಎರಡಂತಸ್ತಿನ ಹೊಸ ಮನೆ ಎಬ್ಬಿಸಿದ್ದ. ಗಿಲಾವು ಮುಗಿದಿತ್ತು, ಒಳಗೆ ಬರೀ ಬೂದು ಗೋಡೆಗಳು. ಪತ್ರಿಕೆಯ ಹಾಳೆಯಲ್ಲಿದ್ದದ್ದು ಸಮುದ್ರದ ಕಡೆಯ ಯಾರದೋ ಬಂಗಲೆಯ ಚಿತ್ರ: ಮೇಲೆ ಎರಡು ಕೋಣೆ, ಕೆಳಗೆ ಅಗಲವಾದ ಹಾಲು, ನಡುವೆ ಬಾಗಿದ ಮೆಟ್ಟಿಲು. ಚಿತ್ರ ಕಪ್ಪು ಬಿಳುಪಿನದು.

"ಇದರಾಗ ಬಣ್ಣ ಎಲ್ಲಿ ಅದಾವ್ರಿ?" ಎಂದು ಕೇಳಿದೆ.

"ಅದನ್ನ ನೀವು ಹಾಕಬೇಕ್ರಿ. ಅದಕ್ಕ ತಾನ ನಿಮ್ಮನ್ನ ಕರೆಸಿದ್ದು?" ಎಂದ ಸಾವುಕಾರ.

ಬೇಸಿಗೆ ರಜೆ ಪೂರ್ತಿ ನಾನು ಆ ಮನೆಗೆ ಕೊಟ್ಟೆ. ಒಂದೊಂದು ಗೋಡೆಗೆ ಒಂದೊಂದು ಚೌಕಳಿ ಹಾಳೆ ಇಟ್ಟು, ಅಳತೆ ಹಾಕಿ, ನೀರುಬಣ್ಣದಲ್ಲಿ ಬರೆದೆ. ಮೆಟ್ಟಿಲಿಗೆ ಕಡಪ ಕಲ್ಲು, ಅದರ ಕಂಬಿಗೆ ಗಾಢ ನೀಲಿ ಎಣ್ಣೆ ಬಣ್ಣ. ಅಡಿಗೆ ಮನೆಗೆ ಕೆಂಪು ಗಾರೆಯ ನೆಲ, ಸುತ್ತಲೂ ಗೇಣಗಲದ ಹಸಿರು ಪಟ್ಟಿ. ಮಹಡಿಯ ಒಂದು ಕೋಣೆ ತಿಳಿನೀಲಿ, ಇನ್ನೊಂದು ತಿಳಿಗುಲಾಬಿ. ಕಿಟಕಿಯ ಮೇಲಿನ ಬೆಳಕಿಂಡಿಗಳಿಗೆ ಬಣ್ಣದ ಗಾಜು. ಕೆಳಗಿನ ಹಾಲಿಗೆ ಮಾತ್ರ ನಾನು ಬಹಳ ತಲೆ ಕೆಡಿಸಿಕೊಂಡೆ. ಮೂರು ಗೋಡೆಗಳಿಗೆ ತಿಳಿ ಬೂದಿ ಬಣ್ಣ, ಮೂಡಲ ಗೋಡೆಗೆ ಒಂದಕ್ಕೇ ಹಳದಿ. ಎದುರಿಗೆ ಪಡುವಣ ಕಿಟಕಿಗಳಿದ್ದವು. ಇಳಿಹೊತ್ತಿನ ಬಿಸಿಲು ನೇರವಾಗಿ ಆ ಹಳದಿಯ ಮೇಲೆ ಬೀಳಬೇಕು, ಇಡೀ ಹಾಲು ಬೆಳಗಬೇಕು. ಕೆಳಗೆ ಕೆಮ್ಮಣ್ಣಿನ ಪಟ್ಟಿ, ಮೇಲೆ ಬಿಳಿ ಸುಣ್ಣ, ಇಷ್ಟೇ ಕಂಡಿದ್ದ ಊರಿನಲ್ಲಿ ಅದನ್ನು ಕನಸಿನಲ್ಲೂ ಯಾರೂ ಕಂಡಿರಲಿಲ್ಲ.

ಸಾವುಕಾರನ ಹೆಂಡತಿ ಹಾಳೆಗಳನ್ನು ನೋಡಿ ನಕ್ಕಳು. "ಮೂರು ಗೋಡಿಗೆ ಒಂದು ಬಣ್ಣ, ಇದೊಂದಕ್ಕ ಬ್ಯಾರೆ. ಯಾಕ್ರಿ ಮಾಸ್ತರ, ಬಣ್ಣ ಸಾಲಲಿಲ್ಲೇನು?"

ನನಗೆ ಸಿಟ್ಟು ಬಂತು. ಆದರೆ ಹೆಣ್ಣುಮಗಳು, ಮನೆಯೊಡತಿ. "ಮುಗಿದ ಮ್ಯಾಲ ನೋಡ್ರೆವ್ವ" ಎಂದಷ್ಟೇ ಹೇಳಿ ಹಾಳೆ ಸುತ್ತಿಕೊಂಡೆ.

ಗೋಡೆಗಳ ಕೆಲಸಕ್ಕೆ ಸಿಕ್ಕವನು ಸುಣ್ಣದ ಮೇಸ್ತ್ರಿ. ತುಂಗಭದ್ರೆಯ ದಂಡೆಯ ನಾಗಲದಿನ್ನೆಯವನು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಅವನಿಗೆ ಅಂಗಡಿ ಇರಲಿಲ್ಲ, ಬೋರ್ಡು ಇರಲಿಲ್ಲ. ಒಂದು ಮನೆಯ ಗೋಡೆ ನೋಡಿದವರು ಇನ್ನೊಂದು ಮನೆಗೆ ಕರೆಯುತ್ತಿದ್ದರು, ಅದರ ಮೇಲೆ ಅವನ ಸಂಸಾರ ನಡೆಯುತ್ತಿತ್ತು. ಮಾತು ಕಡಿಮೆ. ಕೆಲಸ ಎಂಥ ಚೊಕ್ಕ ಎಂದರೆ, ಮೊದಲ ವಾರ ಅವನಲ್ಲಿ ತಪ್ಪು ಹುಡುಕಿ ಹುಡುಕಿ ನನಗೇ ಬೇಸರವಾಯಿತು.

ಸುಣ್ಣದ ಕಲ್ಲನ್ನು ಆತ ಹಿತ್ತಲ ಗುಂಡಿಯಲ್ಲಿ ಹನ್ನೆರಡು ದಿನ ನೆನೆಸಿದ. ಹಳೆಯ ಸೀರೆಯಲ್ಲಿ ಎರಡು ಸಲ ಸೋಸಿದ. ಹಳದಿ ಮಣ್ಣನ್ನು ರಾತ್ರಿಯಿಡೀ ನೆನೆಸಿ, ಅರೆದು, ಜಾಲಿಯ ಅಂಟಿನೊಂದಿಗೆ ಆ ಸುಣ್ಣಕ್ಕೆ ಕೂಡಿಸಿ, ಇಡೀ ಗೋಡೆಗೆ ಬೇಕಾದಷ್ಟನ್ನು ಒಂದೇ ಡ್ರಮ್ಮಿನಲ್ಲಿ ಕಲೆಸಿದ. ಎರಡು ಸಲ ಕಲೆಸಿದರೆ ಎರಡು ಬಣ್ಣ ಆಗುತ್ತದೆ ಎನ್ನುವುದು ಅವನ ಲೆಕ್ಕ. ಮೊದಲು ಬಚ್ಚಲಿನ ಹಿಂದಿನ ಗೋಡೆಯ ಮೇಲೆ ಏಳು ಚೌಕ ಹಚ್ಚಿ ತೋರಿಸಿದ.

"ಹಸಿ ಇದ್ದಾಗ ನೋಡಿ ಹೂಂ ಅನಬ್ಯಾಡ್ರಿ ಮಾಸ್ತರ. ಒಣಗಿದ ಮ್ಯಾಲ ಅದು ಬ್ಯಾರೆನ ಆಗ್ತೈತಿ. ಎರಡು ದಿನ ಬಿಟ್ಟು ಬರ್ರಿ."

ಎರಡು ದಿನ ಬಿಟ್ಟು ನೋಡಿ ಐದನೆಯ ಚೌಕ ಆರಿಸಿದೆ. ಮಾಗಿದ ನಿಂಬೆಯ ಸಿಪ್ಪೆಯ ಹಳದಿ. ಕತ್ತಾಳೆ ನಾರು ಬಡಿದು ಆತ ತಾನೇ ಕಟ್ಟಿಕೊಂಡ ಕುಂಚಗಳು ನಾಲ್ಕಿದ್ದವು, ಬಿಳಿಗೊಂದು, ಹಳದಿಗೊಂದು, ನೀಲಿಗೊಂದು, ಕೆಮ್ಮಣ್ಣಿಗೊಂದು. ಅವುಗಳನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಪಕ್ಕದ ಓಣಿಯ ಎಣ್ಣೆ ಗಿರಣಿ ಸಾವುಕಾರ ಆಗಾಗ ಬಂದು ನೋಡಿ ಹೋಗುತ್ತಿದ್ದ. ಅವನದೂ ದೊಡ್ಡ ಮನೆ ಏಳುತ್ತಿತ್ತು. ಒಂದು ದಿನ ನನ್ನ ಹಾಳೆಗಳ ಮುಂದೆ ಬಹಳ ಹೊತ್ತು ನಿಂತು ಹೇಳಿದ: "ಇದು ಚಂದಾದ್ರ ನಮ್ಮನೀನೂ ನಿಮ್ದ. ಬಣ್ಣ ನೀವ ಹೇಳ್ರಿ, ಹಚ್ಚಾಕ ಇದ ಮೇಸ್ತ್ರಿ." ನಾನು ಆ ದಿನ ಮನೆಗೆ ನಡೆದು ಹೋಗಲಿಲ್ಲ, ತೇಲಿ ಹೋದೆ. ಶಾಲೆಯಲ್ಲಿ ಹೂಜಿ, ಹೂದಾನಿ ಬರೆಸಿ ಬರೆಸಿ ಸಾಕಾಗಿತ್ತು. ಇಂಥ ನಾಲ್ಕು ಮನೆ ಸಿಕ್ಕರೆ ನೌಕರಿ ಬಿಡಬಹುದು ಎಂದು ಹೆಂಡತಿಗೂ ಹೇಳಿಬಿಟ್ಟೆ. ಮೇಸ್ತ್ರಿಗೂ ಅದು ಒಂದು ವರ್ಷದ ಅನ್ನ. ಆತ ನಾಗಲದಿನ್ನೆಯಿಂದ ತಮ್ಮನನ್ನು ಕರೆಸಿಕೊಳ್ಳುವ ಯೋಚನೆಯಲ್ಲಿದ್ದ.

ಆಮೇಲೆ ಕಾಟಗಳು ಸಾಲುಗಟ್ಟಿದವು. ಗಿರಣಿಯ ಅರಳೆ ದೂಳು ಹಾರಿ ಬಂದು ಹಸಿ ಸುಣ್ಣಕ್ಕೆ ಅಂಟುತ್ತಿತ್ತು, ಗೋಡೆಗೆ ಗಡ್ಡ ಬಂದ ಹಾಗೆ. ಹಾಲಿನ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಸಂದಿಗೆ ಗೋಣಿಚೀಲ ತುರುಕಿಸಿದೆ. ವಿದ್ಯುತ್ತಿನವನು ಸ್ವಿಚ್ಚಿನ ಹಲಗೆಯನ್ನು ತಂದು ಮೂಡಲ ಗೋಡೆಯ ನಟ್ಟನಡುವೆ ಹೊಡೆದ. ಅದನ್ನು ಕೀಳಿಸಿ, ತೂತು ಮುಚ್ಚಿಸಿ, ಬಾಗಿಲ ಮರೆಗೆ ಹಾಕಿಸುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಸಾವುಕಾರನ ಭಾವಮೈದ ಬಂದು ಹಾಲಿಗೆ ಗಿಳಿಹಸಿರು ಇದ್ದರೆ ಚೆನ್ನ ಎಂದ. "ಹಂಗಾರ ಗಿಳಿ ಸಾಕಿಕೊಳ್ರಿ" ಎಂದು ನಾನು ಎದ್ದು ಹೊರಗೆ ಹೋದೆ. ಸಾವುಕಾರ ಹಿಂದೆಯೇ ಬಂದು ಸಮಾಧಾನ ಹೇಳಿದ. ಇಷ್ಟೆಲ್ಲ ಆಗುವಾಗ ಒಂದು ಸಲವೂ ತಾಳ ತಪ್ಪದೆ ಕೆಲಸ ಮಾಡಿದವನು ಮೇಸ್ತ್ರಿ ಒಬ್ಬನೇ. ಮಹಡಿಯ ಎರಡು ಕೋಣೆ, ಹಾಲಿನ ಮೂರು ಬೂದಿ ಗೋಡೆ ಮುಗಿದವು. ಮೂಡಲ ಗೋಡೆಗೆ ಬಿಳಿ ಸುಣ್ಣದ ತಳ ಬಿತ್ತು. ಅದು ಚೆನ್ನಾಗಿ ಒಣಗಲಿ ಎಂದು ಬಿಟ್ಟೆವು. ಮಧ್ಯದಲ್ಲಿ ಅಮಾವಾಸ್ಯೆ ಬಂತು. ನಮ್ಮ ಕಡೆ ಅಮಾವಾಸ್ಯೆಗೆ ಗೌಂಡಿಗಳು ಕೈಗೆ ಕರಣೆ ಹಿಡಿಯುವುದಿಲ್ಲ, ಒಕ್ಕಲಿಗರು ಎತ್ತು ಹೂಡುವುದಿಲ್ಲ. ಮೇಸ್ತ್ರಿಯೂ ಬರಲಿಲ್ಲ, ನಾನೂ ಹೋಗಲಿಲ್ಲ.

ಮರುದಿನ ಹಳದಿ ಹಚ್ಚಲು ಶುರುಮಾಡಿದ. ಮೊದಲ ಬಾರಿ ಅಡ್ಡ, ಎರಡನೆಯ ಬಾರಿ ಉದ್ದ. ಅರ್ಧ ತಾಸಿನಲ್ಲಿ ಗೋಡೆಯ ನಡುವೆ ಒಂದು ಕೆಂಪು ಕಲೆ ಎದ್ದಿತು. ಆಮೇಲೆ ಇನ್ನೊಂದು. ನಾಲ್ಕು ಮೂಲೆಗಳಲ್ಲಿ ಅಂಗೈಯಗಲದ ಕಲೆಗಳು, ನಡುವೆಲ್ಲ ಚಿಮುಕಿಸಿದ ಹಾಗೆ ಹನಿಗಳು, ಒಂದೆರಡು ಕಡೆ ಕೆಳಗಿಳಿದ ಗೀರುಗಳು. ಮೇಸ್ತ್ರಿ ಕುಂಚ ಕೆಳಗಿಟ್ಟು ನೋಡಿದ. ಒಣಗಲಿ ಎಂದು ಒಂದು ದಿನ ಬಿಟ್ಟೆವು. ಒಣಗಿದಾಗ ಸ್ವಲ್ಪ ಮಂಕಾಯಿತು. ಇನ್ನೊಂದು ಬಾರಿ ಹಚ್ಚಿದ ಕೂಡಲೇ ಮತ್ತೆ ಕೆಂಪು ಎದ್ದು ಬಂತು, ಮೊದಲಿಗಿಂತ ಜೋರಾಗಿ.

ಮಣ್ಣು ಹೊರುವ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, "ಗೋಡಿ ರಕ್ತ ಕಾರಾಕ ಹತ್ತೈತಿ" ಎಂದಳು. ಗೃಹಪ್ರವೇಶಕ್ಕೆ ಇಪ್ಪತ್ತೈದು ದಿನ ಉಳಿದಿದ್ದ ಮನೆಯಲ್ಲಿ ಆಡುವ ಮಾತೇ ಅದು? ಮಧ್ಯಾಹ್ನದೊಳಗೆ ಅದು ಸಾವುಕಾರನ ಕಿವಿಗೆ ಬಿತ್ತು. ಆತ ಬಂದ. ಜೊತೆಗೆ ಎಣ್ಣೆ ಗಿರಣಿ ಸಾವುಕಾರನೂ ಬಂದ. ಬಡಗಿಗಳು ಕೆಲಸ ಬಿಟ್ಟು ನಿಂತರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಮೇಸ್ತ್ರಿಯ ಮುಖ ನೋಡಿದೆ.

"ಏನಿದು?" ಎಂದೆ.

"ಗೊತ್ತಾಗವಲ್ದ್ರಿ. ಗೋಡ್ಯಾಗ ಏನೋ ಐತಿ."

"ಗೋಡ್ಯಾಗಲ್ಲ, ನಿನ್ನ ಕುಂಚದಾಗ ಐತಿ. ಕೆಮ್ಮಣ್ಣು ಹಚ್ಚಿದ ಕುಂಚ ತೊಳೀದ ಹಂಗ ಹಳದ್ಯಾಗ ಅದ್ದೀದಿ."

"ಇಲ್ರಿ ಮಾಸ್ತರ. ಹಳದಿಗೆ ಬ್ಯಾರೆ ಕುಂಚ ಐತಿ. ಬೇಕಾದ್ರ ನೋಡ್ರಿ" ಎಂದು ಆತ ನಾಲ್ಕೂ ಕುಂಚಗಳನ್ನು ತಂದು ನನ್ನ ಮುಂದೆ ಇಟ್ಟ.

ನಾನು ನೋಡಲಿಲ್ಲ. ನೋಡುವ ತಾಳ್ಮೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತಿಂಗಳ ದುಡಿಮೆ, ಎಣ್ಣೆ ಗಿರಣಿಯವನ ಮನೆ, ಬಿಡಬೇಕೆಂದಿದ್ದ ನೌಕರಿ ಎಲ್ಲ ಒಟ್ಟಿಗೆ ತಲೆಗೆ ಏರಿ ನನಗೆ ಕಣ್ಣು ಕತ್ತಲೆ ಬಂತು. "ಕೆಲಸಗಳ್ಳ" ಎಂದೆ. ಇನ್ನೂ ಏನೇನೋ ಎಂದೆ, ಅವೆಲ್ಲ ಬರೆಯುವಂಥವಲ್ಲ. ಕುಂಚಗಳನ್ನು ಬಾಚಿಕೊಂಡು ಬಾಗಿಲ ತನಕ ಹೋಗಿ ಬೀದಿಗೆ ಎಸೆದೆ. ಒಂದು ಚರಂಡಿಗೆ ಬಿತ್ತು.

ಎಣ್ಣೆ ಗಿರಣಿ ಸಾವುಕಾರ ಕೆಮ್ಮಿ, ಮೇಸ್ತ್ರಿಗೆ "ಇಷ್ಟು ಒಂದು ಗೋಡಿ ಬರಂಗಿಲ್ಲಂದ್ರ ನಮ್ಮನಿ ಗತಿ ಏನಪಾ? ನೀ ನಮ್ಕಡಿ ಬರಬ್ಯಾಡ ಬಿಡು" ಎಂದ. ಆಗ ಮೇಸ್ತ್ರಿಯ ಮುಖದಿಂದ ಬಣ್ಣ ಇಳಿದದ್ದನ್ನು ನಾನು ಕಂಡೆ. ಆತ ಹೊರಗೆ ಹೋಗಿ ಚರಂಡಿಯಲ್ಲಿ ಕೈ ಹಾಕಿ ಕುಂಚ ತೆಗೆದ, ಉಳಿದ ಮೂರನ್ನೂ ಆರಿಸಿಕೊಂಡು ಹೊರಟುಹೋದ. ಒಂದು ವಾರದಲ್ಲಿ ಸುದ್ದಿ ಊರೆಲ್ಲ ಹಬ್ಬಿತು. ಆ ಮೇಸ್ತ್ರಿ ಕೈ ಹಚ್ಚಿದ ಗೋಡೆ ರಕ್ತ ಕಾರುತ್ತದಂತೆ. ಇನ್ನೆರಡು ಮನೆಯವರು ಅವನಿಗೆ ಬೇಡವೆಂದು ಹೇಳಿ ಕಳಿಸಿದರು.

ನಾನು ಗುಂತಕಲ್ಲಿನಿಂದ ಇನ್ನೊಬ್ಬ ಬಣ್ಣದವನನ್ನು ಕರೆಸಿದೆ. ಆತ ಗೋಡೆ ತಟ್ಟಿ ನೋಡಿ, "ಪಾತ ಪನಿ ಬಾಗಲೇದು ಸಾರ್" ಎಂದ. ಹಳೆಯ ಕೆಲಸ ಸರಿಯಿಲ್ಲ ಅಂತ. ಹೊಸಬರು ಬಂದು ಮೊದಲು ಆಡುವ ಮಾತೇ ಅದು, ಯಾವ ಭಾಷೆಯಲ್ಲಾದರೂ. ಆದರೂ ನನಗೆ ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಹೊಸ ಕುಂಚ ನನ್ನ ಕಣ್ಣೆದುರೇ ಕೊಂಡದ್ದು. ಹಳದಿ ಮಣ್ಣು ಬೇರೆ ಅಂಗಡಿಯದು. ಸುಣ್ಣ ಹೊಸದು. ಹಚ್ಚಿ ಅರ್ಧ ತಾಸಿಗೆ ಅದೇ ನಾಲ್ಕು ಮೂಲೆ, ಅದೇ ಹನಿಗಳು, ಅದೇ ಕೆಂಪು.

ಕುಂಚದ ತಪ್ಪಲ್ಲ ಎಂದು ಆ ಕ್ಷಣಕ್ಕೇ ನನಗೆ ಗೊತ್ತಾಯಿತು. ಗೊತ್ತಾದ ಕೂಡಲೇ ಏನು ಮಾಡಬೇಕಿತ್ತು? ಮೇಸ್ತ್ರಿಯ ಮನೆಗೆ ಓಡಬೇಕಿತ್ತು. ನಾನು ಓಡಲಿಲ್ಲ. ಗುಂತಕಲ್ಲಿನವನನ್ನು ಬೈದೆ, ಗಿಲಾವು ಮಾಡಿದ ಗೌಂಡಿಯನ್ನು ಬೈದೆ, ಮರಳು ತಂದ ಗಾಡಿಯವನನ್ನು ಬೈದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ ಮನೆಗೆ ಬಂದು ಹೆಂಡತಿಯ ಮೇಲೂ ಹರಿಹಾಯ್ದೆ. ಆಕೆ ಹಿತ್ತಲ ಕಲ್ಲಿನ ಮೇಲೆ ನನ್ನ ಧೋತರ ಒಗೆಯುತ್ತಿದ್ದಳು. ಬಿಳಿ ಧೋತರದ ಮೇಲೆ ಎದ್ದು ಕಾಣುವ ಒಂದು ಕೆಂಪು ಕಲೆ.

"ಇದ್ದದ್ದೊಂದು ಧೋತರ, ಅದಕ್ಕೂ ಕೆಂಪು ಹಚ್ಚೀಯೇನು?" ಎಂದು ಕೂಗಿದೆ.

ಆಕೆ ತಲೆ ಎತ್ತಲೂ ಇಲ್ಲ. "ನಾ ಏನ್ ಹಚ್ಚೀನಿ? ನಿನ್ನೆ ಉಣ್ಣಾಗ ನೀವ ಬ್ಯಾಳಿ ಚೆಲ್ಲಿಕೊಂಡೀರಿ. ಅರಿಶಿಣ ಅದು. ಸೋಪು ತಾಕಿದ್ರ ಕೆಂಪಾಗ್ತೈತಿ, ಬಿಸಿಲಿಗೆ ಹಾಕಿದ್ರ ಹೋಗ್ತೈತಿ. ಇಷ್ಟು ವರ್ಷ ಬಣ್ಣ ಕಲಿಸ್ತೀರಿ, ಇದು ಗೊತ್ತಿಲ್ಲೇನ್ರಿ?"

ನನಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತು. ಅರಿಶಿಣಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವುದನ್ನು ನೋಡದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ನನಗೂ ಗೊತ್ತಿತ್ತು, ಇಬ್ಬರು ಸಾವುಕಾರರಿಗೂ ಗೊತ್ತಿತ್ತು, ರಕ್ತ ಅಂದವಳಿಗಂತೂ ಗೊತ್ತೇ ಇತ್ತು. ಗೋಡೆಯ ಮುಂದೆ ನಿಂತಾಗ ಒಬ್ಬರಿಗಾದರೂ ಹೊಳೆಯಿತೇ? ನಾನು ಅಡಿಗೆ ಮನೆಯಿಂದ ಒಂದು ನಿಂಬೆಹಣ್ಣು ತೆಗೆದುಕೊಂಡು ಹಾಗೇ ತಿರುಗಿ ಹೋದೆ. ಹಾಲಿನಲ್ಲಿ ಯಾರೂ ಇರಲಿಲ್ಲ. ಹೋಳು ಮಾಡಿ ಮೂಲೆಯ ಕೆಂಪು ಕಲೆಯ ಮೇಲೆ ತಿಕ್ಕಿದೆ. ಸುಣ್ಣ ಸಣ್ಣಗೆ ನೊರೆ ಬಿಟ್ಟಿತು, ಕೆಂಪು ಹೋಗಿ ಹಳದಿಯಾಯಿತು. ಅಲ್ಲೇ ನೆಲದ ಮೇಲೆ ಕುಕ್ಕರಿಸಿದೆ.

ಗೋಡೆಗೆ ಅರಿಶಿಣ ಹಚ್ಚಿದವರು ಯಾರು ಎಂದು ಕೇಳಲು ಸಾವುಕಾರನ ಹಳೆಯ ಮನೆಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಪಡಸಾಲೆಯಲ್ಲಿದ್ದರು. ನಾನು ಪ್ರಶ್ನೆ ಮುಗಿಸುವ ಮೊದಲೇ ಆಕೆ, "ನಾನ ಹಚ್ಚೀನ್ರಿ, ಅಮಾಸಿ ದಿನ" ಎಂದಳು. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. "ಹೊಸ ಸೀರಿ ಸೆರಗಿಗೆ ಅರಿಶಿಣ ಹಚ್ಚದ ಉಡ್ತೀವೇನ್ರಿ? ಮನಿಗೂ ಹಂಗ. ನಾಕು ಮೂಲಿಗೆ ಹಚ್ಚಿ, ನಡುವ ಅರಿಶಿಣದ ನೀರು ಸಿಂಪಡಿಸೀನಿ. ಬೂದಿ ಬಣ್ಣದ ಗೋಡಿಗೆ ಹಚ್ಚಿದ್ರ ನಿಮ್ಮ ಕೆಲಸ ಕೆಡ್ತೈತಿ ಅಂತ, ಹಳದಿ ಹಚ್ಚೂ ಗೋಡಿನ ಆರಿಸೀನಿ. ಹಳದಿ ಮ್ಯಾಲ ಹಳದಿ, ಯಾರಿಗೆ ಗೊತ್ತಾಗ್ತೈತಿ ಅಂತ. ಯಾಕ್ರಿ, ಏನಾತು?"

ಒಣಗಿದ ಸುಣ್ಣದ ಮೇಲೆ ಅದು ಹಳದಿಯಾಗಿಯೇ ಇದ್ದು, ಕಿಟಕಿ ಮುಚ್ಚಿದ ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ, ಹಸಿ ಸುಣ್ಣ ತಾಕಿದಾಗಲೇ ಕೆಂಪಾಗಿತ್ತು. ಗೋಡೆ ಕೆಂಪಾದದ್ದನ್ನು ಯಾರೂ ಆಕೆಗೆ ಹೇಳಿರಲಿಲ್ಲ. ಗೃಹಪ್ರವೇಶದ ಮುಂದೆ ರಕ್ತದ ಮಾತು ಹೆಂಗಸರ ಕಿವಿಗೆ ಬೀಳಬಾರದೆಂದು ಸಾವುಕಾರ ಆಕೆಯನ್ನು ಆ ಕಡೆ ಬಿಟ್ಟೇ ಇರಲಿಲ್ಲ. ನನ್ನ ಕೆಲಸ ಕೆಡಬಾರದು ಎಂದು ಇಷ್ಟು ಯೋಚನೆ ಮಾಡಿದ ಹೆಣ್ಣುಮಗಳ ಮೇಲೆ ನಾನು ಯಾವ ಸಿಟ್ಟು ಮಾಡಲಿ? ಸಾವುಕಾರ ಎದ್ದು ನನ್ನ ಹೆಗಲ ಮೇಲೆ ಕೈ ಹಾಕಿ ಬೀದಿಗೆ ಕರೆದುಕೊಂಡು ಬಂದ.

"ಈ ಮಾತು ಇಲ್ಲಿಗೇ ಬಿಡ್ರಿ ಮಾಸ್ತರ. ನಮ್ಮನಿ ಹೆಣ್ಮಕ್ಳ ಹೆಸರು ಬೀದಿಗೆ ಬರಬಾರದು. ಗೋಡಿ ಹೆರೆಸಿ ಮತ್ತ ಹಚ್ಚಿಸ್ರಿ."

"ಮೇಸ್ತ್ರಿ ಗತಿ?" ಎಂದೆ.

"ಯಾಕ್ರಿ ಅವನ ಚಿಂತಿ? ಒಂದಿಷ್ಟು ಜ್ವಾಳ ಕಳಿಸ್ತೀನಿ. ಸುಣ್ಣ ಹಚ್ಚವ, ನಾಕು ದಿನ ಆದ್ರ ಮಂದಿ ಮರೀತಾರ."

ಸುಮ್ಮನಿದ್ದುಬಿಡುವುದು ನನಗೆ ಬಹಳ ಸುಲಭವಿತ್ತು ಎನ್ನುವುದನ್ನು ಇಲ್ಲಿ ಬರೆಯಲೇಬೇಕು. ಗೋಡೆ ಸರಿಯಾಗುತ್ತಿತ್ತು, ಎಣ್ಣೆ ಗಿರಣಿಯವನ ಮನೆ ನನಗೆ ಸಿಗುತ್ತಿತ್ತು. ಕೇಳುವವರು ಯಾರು? ಎರಡು ದಿನ ಸುಮ್ಮನಿದ್ದೆ ಕೂಡ. ಸಾವುಕಾರನ ಮೇಲೆ ಸಿಟ್ಟು ಬರುತ್ತಿತ್ತು, ಅದನ್ನು ಹಿಡಿದುಕೊಂಡು ಹೋದರೆ ಕೊನೆಗೆ ನನ್ನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಜ್ವಾಳ ಕಳಿಸುತ್ತೇನೆಂದವನು ಆತ. ಕುಂಚ ಎಸೆದವನು ನಾನು.

ಮೂರನೆಯ ದಿನ ಬೆಳಿಗ್ಗೆ ಮೇಸ್ತ್ರಿಯ ಬಾಡಿಗೆ ಮನೆಗೆ ಹೋದೆ. ಊರ ಹೊರಗೆ ಒಂದೇ ಕೋಣೆ. ಆತ ಹೊರಗೆ ಕೂತು ಕತ್ತಾಳೆ ನಾರು ಬಡಿಯುತ್ತಿದ್ದ. ಕೂಡ್ರಿ ಎನ್ನಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ, ಅರಿಶಿಣ, ನಿಂಬೆಹಣ್ಣು, ಸಾವುಕಾರ್ತಿ, ಎಲ್ಲ. "ತಪ್ಪಾತು, ಮನಸಿನ್ಯಾಗ ಇಟ್ಟುಕೋಬ್ಯಾಡ" ಎಂದೆ. ಆತ ನಾರು ಬಡಿಯುವುದನ್ನು ನಿಲ್ಲಿಸಿದ.

"ಬೈದದ್ದು ನಾಕು ಮಂದಿ ಮುಂದ ಬೈದೀರಿ ಮಾಸ್ತರ. ತಪ್ಪಾತು ಅನ್ನಾಕ ಒಬ್ಬರ ಬಂದೀರಲ್ಲ" ಎಂದ. ಮತ್ತೆ ಬಡಿಯತೊಡಗಿದ.

ನನಗೆ ರೇಗಿತು. ಮನೆಗೆ ಬಂದು ತಪ್ಪೊಪ್ಪಿಕೊಂಡರೂ ಈತನ ಬಿಗುವು ನೋಡು ಎಂದುಕೊಂಡೇ ಅಲ್ಲಿಂದ ಹೊರಟೆ. ಹಳೆಯ ಕೋಟೆಯ ಬೆಟ್ಟ ಬಲಕ್ಕೆ ಬಿಟ್ಟು ಊರೊಳಗೆ ಬರುವ ತನಕ ರೇಗುತ್ತಲೇ ಬಂದೆ. ಅರಳೆ ಪೇಟೆ ದಾಟುವಾಗ ರೇಗುವುದಕ್ಕೆ ಏನೂ ಉಳಿದಿರಲಿಲ್ಲ. ಆತ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಅಂದು ಸಂಜೆ ಎಣ್ಣೆ ಗಿರಣಿ ಸಾವುಕಾರನನ್ನು ನಾನೇ ಹೋಗಿ ಕರೆತಂದೆ. ಹಾಲಿನಲ್ಲಿ ಬಡಗಿಗಳಿದ್ದರು, ಗುಂತಕಲ್ಲಿನವನಿದ್ದ, ಮಣ್ಣು ಹೊರುವ ಹೆಂಗಸರಿದ್ದರು. ಗೃಹಪ್ರವೇಶದ ದಿನ ಎಲ್ಲಿ ಏನು ಇಡುವುದೆಂದು ನೋಡಲು ಸಾವುಕಾರನೂ ಅವನ ಹೆಂಡತಿಯೂ ಬಂದಿದ್ದರು. ಆಕೆ ಹಿತ್ತಲ ಬಾಗಿಲಿಂದ ನೇರ ಅಡಿಗೆ ಮನೆಗೆ ಹೋಗಿದ್ದಳು, ಇನ್ನೂ ಹಾಲಿಗೆ ಬಂದಿರಲಿಲ್ಲ. ನಾನು ಜೇಬಿನಿಂದ ನಿಂಬೆಹಣ್ಣು ತೆಗೆದು ಎಲ್ಲರ ಮುಂದೆ ಒಂದು ಕಲೆಗೆ ತಿಕ್ಕಿದೆ. "ಇದು ಅರಿಶಿಣ. ಸುಣ್ಣ ತಾಕಿ ಕೆಂಪಾಗೈತಿ. ಮೇಸ್ತ್ರಿ ಕುಂಚದಾಗ ಏನೂ ಇರಲಿಲ್ಲ. ನೋಡದ ಬೈದವ ನಾನು, ಎಸೆದವನೂ ನಾನು. ತಪ್ಪು ನಂದು" ಎಂದೆ. ಸಾವುಕಾರ್ತಿಯ ಹೆಸರು ಎತ್ತಲಿಲ್ಲ.

ಎಣ್ಣೆ ಗಿರಣಿಯವನು ಹುಬ್ಬೇರಿಸಿದ. "ಅರಿಶಿಣ ಗೋಡಿಗೆ ಹೆಂಗ ಬಂತ್ರಿ?"

ಸಾವುಕಾರ ನನ್ನನ್ನು ನುಂಗುವ ಹಾಗೆ ನೋಡಿದ. "ಅದೆಲ್ಲ ಈಗ್ಯಾಕ" ಎನ್ನುವಷ್ಟರಲ್ಲಿ ಅಡಿಗೆ ಮನೆಯಿಂದ ಆಕೆ ಹೊರಗೆ ಬಂದಳು. ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ನಾನ ಹಚ್ಚೀನಿ. ಇದಕ್ಕ ಆ ಮೇಸ್ತ್ರಿನ್ನ ಕಳಿಸೀರೇನು?"

ಸಾವುಕಾರ ಕಿಟಕಿಯ ಕಡೆ ತಿರುಗಿದ.

"ನನ್ನ ಮನಿ ಒಳಗ, ನಾ ಹಚ್ಚಿದ್ದಕ್ಕ, ಇನ್ನೊಬ್ಬನ ಹೊಟ್ಟಿಮ್ಯಾಲ ಹೊಡದೀರಿ. ಆ ಶಾಪ ಹೊತ್ತು ನಾ ಇಲ್ಲಿ ಒಲಿ ಹಚ್ಚಂಗಿಲ್ಲ. ಅವನ್ನ ಕರಸ್ರಿ, ಅವನ ಕೈಲೆ ಈ ಗೋಡಿ ಆಗಲಿ. ಇಲ್ಲಂದ್ರ ನಾ ಹಳೇ ಮನ್ಯಾಗ ಇರ್ತೀನಿ, ನೀವು ನಿಮ್ಮ ಮುಂಬಯಿ ಮನ್ಯಾಗ ಇರ್ರಿ."

ಮರುದಿನ ಸಾವುಕಾರನ ಜಟಕಾ ಗಾಡಿ ಹೋಗಿ ಮೇಸ್ತ್ರಿಯನ್ನು ಕರೆತಂದಿತು. ಸಾವುಕಾರ ನನ್ನ ಜೊತೆ ಮಾತು ಬಿಟ್ಟ. ನನಗೆ ಬೇಕಾಗಿಯೂ ಇರಲಿಲ್ಲ.

ಮೇಸ್ತ್ರಿ ಬಂದವನೇ ಮೂಡಲ ಗೋಡೆಯ ಸುಣ್ಣವನ್ನೆಲ್ಲ ಗಿಲಾವು ಕಾಣುವ ತನಕ ಹೆರೆದ, ನೀರು ಹಾಕಿ ತೊಳೆದ. ಗಿಲಾವಿನ ಮೇಲೂ ಕಲೆಯ ನೆರಳು ಉಳಿದಿತ್ತು. ಕಿಟಕಿಯ ಗೋಣಿಚೀಲ ಕಿತ್ತು ಹಾಕಿದ. ಐದು ದಿನ ಇಳಿಹೊತ್ತಿನ ಬಿಸಿಲನ್ನು ಗೋಡೆಗೆ ಕುಡಿಸಿದ. ದಿನಾ ಬಂದು, ಒಣಗಿದ ಗೋಡೆಯ ಮೇಲೆ ಕೂತ ಅರಳೆ ದೂಳನ್ನು ಬಟ್ಟೆಯಿಂದ ಹೊಡೆದು ಹೋಗುತ್ತಿದ್ದ. ಐದನೆಯ ದಿನ ಮೂಲೆಯಲ್ಲಿ ಒಂದಿಷ್ಟು ಸುಣ್ಣ ಹಚ್ಚಿ ನೋಡಿದ. ಕೆಂಪು ಏಳಲಿಲ್ಲ. ಬಣ್ಣ ಹಚ್ಚುವ ದಿನ ಅರ್ಧ ಹೊತ್ತು ಗಿರಣಿ ನಿಲ್ಲಬೇಕು ಎಂದ. ಸಾವುಕಾರ ಗೊಣಗಿದ, ಆದರೆ ನಿಲ್ಲಿಸಿದ. ಆ ಐದಾರು ದಿನಗಳಲ್ಲಿ ಮೇಸ್ತ್ರಿ ನನ್ನ ಜೊತೆ ಆಡಿದ್ದು ಕೆಲಸದ ಮಾತು ಮಾತ್ರ. ಏಣಿ ಹಿಡೀರಿ, ಬಾಗಿಲು ಮುಚ್ಚ್ರಿ, ಅಷ್ಟೇ. ನಾನು ಹಿಡಿದೆ, ಮುಚ್ಚಿದೆ.

ಗೋಡೆ ಒಣಗಿದ ಮೇಲೆ ಒಂದು ಸಂಜೆ ಎಲ್ಲರೂ ಸೇರಿದರು. ಪಡುವಣ ಬಿಸಿಲು ಒಳಗೆ ಬಂದು ಆ ಹಳದಿಯ ಮೇಲೆ ಬಿತ್ತು. ನಾನು ಹಾಳೆಯ ಮೇಲೆ ಏನು ಬರೆದಿದ್ದೆನೋ ಅದು ಅಲ್ಲಿತ್ತು, ಅದಕ್ಕಿಂತ ಚೆನ್ನಾಗಿಯೇ ಇತ್ತು. ಬೂದಿ ಗೋಡೆಗಳಿಗೂ ಜೀವ ಬಂದಿತ್ತು. ಸಾವುಕಾರ್ತಿ ಸೆರಗು ಬಾಯಿಗಿಟ್ಟು ನೋಡಿದಳು. ಬಣ್ಣ ಸಾಲಲಿಲ್ಲೇನು ಎಂದು ಆಕೆ ಮತ್ತೆ ಕೇಳಲಿಲ್ಲ. ಸಾವುಕಾರನೂ ಮಾತು ಬಿಟ್ಟದ್ದನ್ನು ಮರೆತು ನನ್ನ ಬೆನ್ನು ತಟ್ಟಿದ. ನನ್ನ ಕಣ್ಣು ತುಂಬಿ ಬಂತು.

ಎಣ್ಣೆ ಗಿರಣಿ ಸಾವುಕಾರ ಗೋಡೆಯ ಹತ್ತಿರ ಹೋಗಿ ಬೆರಳಿನಿಂದ ಸವರಿ, ಬೆರಳು ನೋಡಿಕೊಂಡ. ಪುಡಿ ಅಂಟಿರಲಿಲ್ಲ. ಮೇಸ್ತ್ರಿಯ ಕಡೆ ತಿರುಗಿದ.

"ಅವತ್ತ ನಾ ಅಂದದ್ದು ತಪ್ಪಾತಪಾ. ಗೃಹಪ್ರವೇಶ ಮುಗೀಲಿ, ನಮ್ಮನಿ ಕೆಲಸ ಹಿಡೀರಿ. ಮಾಸ್ತರು ಬಣ್ಣ ಹೇಳ್ತಾರ, ನೀ ಹಚ್ಚು."

"ಬರ್ತೀನ್ರಿ" ಎಂದ ಮೇಸ್ತ್ರಿ. ಅದೇ ದನಿಯಲ್ಲಿ ಹೇಳಿದ: "ಮಾಸ್ತರು ಬರೂದಿದ್ರ ನಾ ಬರಂಗಿಲ್ಲ."

ಇಷ್ಟು ದಿನ ಏಣಿ ಹಿಡಿದವನು ನಾನು. ನಾಲ್ಕು ಮಂದಿ ಮುಂದೆ ತಪ್ಪೊಪ್ಪಿಕೊಂಡವನು ನಾನು. ಸಿಟ್ಟು ಕಾಲಿನಿಂದ ಏರಿ ಎದೆಯ ತನಕ ಬಂತು. ಬಾಯಿ ತೆರೆದೆ ಕೂಡ. ಎಣ್ಣೆ ಗಿರಣಿಯವನು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡುತ್ತಿದ್ದ. ಇಬ್ಬರಲ್ಲಿ ಒಬ್ಬನನ್ನು ಆರಿಸುವ ಲೆಕ್ಕ ಅವನ ಕಣ್ಣಲ್ಲಿ ಶುರುವಾಗಿತ್ತು. ಮೇಸ್ತ್ರಿಗೆ ಊರಲ್ಲಿ ಉಳಿದಿದ್ದದ್ದು ಆ ಒಂದು ಮನೆ. ನನಗೆ ತಿಂಗಳು ತಿಂಗಳು ಸಂಬಳ ಕೊಡುವ ಶಾಲೆ ಇತ್ತು.

"ನಾ ಬರಂಗಿಲ್ರಿ. ನನಗ ಸಾಲಿ ಶುರು ಆಗ್ತೈತಿ" ಎಂದೆ.

"ಹಂಗಾರ ಬಣ್ಣ ಯಾರು ಹೇಳ್ತಾರ?" ಎಂದ ಎಣ್ಣೆ ಗಿರಣಿಯವನು.

"ನಿಮ್ಮನಿ ಹೆಣ್ಮಕ್ಳನ್ನ ಕೇಳ್ತೀನ್ರಿ" ಎಂದ ಮೇಸ್ತ್ರಿ. "ಯಾವ ಬಣ್ಣ ಬೇಕು, ಗೋಡಿಗೆ ಮೊದಲ ಏನರ ಹಚ್ಚ್ಯಾರೇನು, ಎಲ್ಲಾ ಅವರನ್ನ ಕೇಳಿನ ಕುಂಚ ಹಿಡಿತೀನಿ. ಕೇಳಾಕ ಏನು ದೊಡ್ಡ ಸಾಲಿ ಕಲೀಬೇಕಾಗಿಲ್ಲ."

ಸಾವುಕಾರ್ತಿ ಮುಖ ತಿರುಗಿಸಿ ನಕ್ಕಳು. ನಾನು ಹಾಳೆಗಳನ್ನು ಸುತ್ತಿಕೊಂಡು, ಬಾಗಿಲ ಹೊರಗೆ ಬಿಟ್ಟ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.